ಮೂರನೇ ನಂಬರಿನ ಅಂಗಿ ಯಾರಿಗೆ? ವೇಲ್ಸ್ ರಗ್ಬಿ ಒಕ್ಕೂಟಕ್ಕೆ ಒಂದು ಬಹಿರಂಗ ಪತ್ರ

ಕಾರ್ಡಿಫ್, ಡಿಸೆಂಬರ್ 2025

ವೇಲ್ಸ್ ರಗ್ಬಿ ಒಕ್ಕೂಟದ ಆಡಳಿತ ಮಂಡಳಿಯವರಿಗೆ ಹಾಗೂ ರಾಷ್ಟ್ರೀಯ ತಂಡದ ಆಯ್ಕೆಯ ಹೊಣೆ ಹೊತ್ತವರಿಗೆ,

ಮಾನ್ಯರೇ,

ನವೆಂಬರ್ 29ರ ಶನಿವಾರ ಪ್ರಿನ್ಸಿಪಾಲಿಟಿ ಕ್ರೀಡಾಂಗಣದಿಂದ ನಾನೂ ನನ್ನ ಹದಿನೇಳು ವರ್ಷದ ಮಗನೂ ಮಾತಿಲ್ಲದೆ ಹೊರಬಂದೆವು. ದಕ್ಷಿಣ ಆಫ್ರಿಕ 73, ವೇಲ್ಸ್ ಸೊನ್ನೆ. ನಮ್ಮ ಮನೆಯಂಗಳದಲ್ಲೇ ಎದುರಾಳಿಗೆ 11 ಟ್ರೈ, ಅಂದರೆ ನಮ್ಮ ಗೆರೆ ದಾಟಿ ಹನ್ನೊಂದು ಬಾರಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರು. ಟ್ಯಾಫ್ ನದಿಯ ಸೇತುವೆಯ ಮೇಲೆ ಬಂದಾಗ ಮಗ ಕತ್ತಿನಲ್ಲಿದ್ದ ಕೆಂಪು ಸ್ಕಾರ್ಫ್ ಬಿಚ್ಚಿ, ಮಡಚಿ, ಕೋಟಿನ ಜೇಬಿಗೆ ಹಾಕಿಕೊಂಡು ಕೇಳಿದ: “ಅಪ್ಪ, ನಮ್ಮಲ್ಲಿ ಬೇರೆ ಯಾರೂ ಇರಲಿಲ್ಲವೇ?”

ಅವನು ಸೋಲಿನ ಬಗ್ಗೆ ಕೇಳಲಿಲ್ಲ. ಸೋಲು ಅವನಿಗೆ ಈಗ ಅಭ್ಯಾಸವಾಗಿದೆ. ಅವನು ಕೇಳಿದ್ದು ಇರುವವರ ಹಿಂದೆ ನಿಂತಿರಬೇಕಾದವರ ಬಗ್ಗೆ. ನನ್ನಲ್ಲಿ ಉತ್ತರವಿರಲಿಲ್ಲ. ಇರಬೇಕಾದದ್ದು ನಿಮ್ಮಲ್ಲಿ. ಅದಕ್ಕೇ ಈ ಪತ್ರ.

ಇದರ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಯ ವಿಳಾಸಕ್ಕೆ ಬೇರೆಯಾಗಿ ಕಳುಹಿಸಿದ್ದೇನೆ. ಬಹಿರಂಗವಾಗಿ ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಾನು ಮಂಡ್ಯ ಜಿಲ್ಲೆಯವನು. ಈ ಊರಿಗೆ ಬಂದು ಹದಿನೆಂಟು ವರ್ಷವಾಯಿತು. ಇಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಹುಟ್ಟಿದ ಮಕ್ಕಳು ಕ್ರಿಕೆಟ್ ಬ್ಯಾಟಿನ ಜೊತೆಗೆ ರಗ್ಬಿ ಚೆಂಡನ್ನೂ ಹಿಡಿದು ಬೆಳೆಯುತ್ತಿದ್ದಾರೆ. ಅವರ ತಂದೆತಾಯಿಗಳಿಗೂ, ಊರಿನಲ್ಲಿ ಕುಳಿತು ಮೊಮ್ಮಗನ ಆಟದ ವಿಡಿಯೊ ನೋಡುವ ಅಜ್ಜ ಅಜ್ಜಿಯರಿಗೂ ಈ ಆಟದ ಒಳಗುಟ್ಟು ತಿಳಿಯಬೇಕು. ತನ್ನ ಹೆಸರನ್ನು ಎರಡು ಭಾಷೆಗಳಲ್ಲಿ ಬರೆದುಕೊಳ್ಳುವ ಸಂಸ್ಥೆ ನಿಮ್ಮದು. ಮೂರನೆಯ ಭಾಷೆಯೊಂದರಲ್ಲಿ ನಿಮಗೆ ಪತ್ರ ಬಂದರೆ ಅದನ್ನು ಪರಕೀಯವೆಂದು ತಿಳಿಯಲಾರಿರಿ ಎಂಬ ನಂಬಿಕೆ ನನಗಿದೆ.

ವೇಲ್ಸ್‌ನ ಜನಸಂಖ್ಯೆ ಸುಮಾರು 31 ಲಕ್ಷ. ನಮ್ಮ ಮೈಸೂರು ಜಿಲ್ಲೆಯಷ್ಟು. ಇಷ್ಟು ಚಿಕ್ಕ ನಾಡು 2005, 2008, 2012, 2019ರಲ್ಲಿ ಯುರೋಪಿನ ಆರು ದೇಶಗಳ ಸಿಕ್ಸ್ ನೇಷನ್ಸ್ ಟೂರ್ನಿಯ ಐದಕ್ಕೆ ಐದೂ ಪಂದ್ಯ ಗೆದ್ದು ಗ್ರ್ಯಾಂಡ್ ಸ್ಲ್ಯಾಮ್ ಪಡೆಯಿತು. 2019ರ ಆಗಸ್ಟ್‌ನಲ್ಲಿ ಜಗತ್ತಿನ ಮೊದಲ ರ‍್ಯಾಂಕ್ ನಮ್ಮದಾಗಿತ್ತು. ಅಲ್ಲಿಂದ ಬಿದ್ದದ್ದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. 2023ರ ಅಕ್ಟೋಬರ್‌ನಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಅರ್ಜೆಂಟೀನಾಗೆ ಸೋತಲ್ಲಿಂದ ಶುರುವಾಗಿ, ಈ ವರ್ಷದ ಜುಲೈ 12ರಂದು ಜಪಾನಿನ ಕೋಬೆಯಲ್ಲಿ ಗೆಲ್ಲುವವರೆಗೆ, ಒಂದರ ಹಿಂದೆ ಒಂದರಂತೆ 18 ಟೆಸ್ಟ್ ಸೋಲು. ಎರಡು ವರ್ಷ ಸತತವಾಗಿ ಸಿಕ್ಸ್ ನೇಷನ್ಸ್‌ನಲ್ಲಿ ಕೊನೆಯ ಸ್ಥಾನ. ಈ ಬೇಸಿಗೆಯಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಆಟಗಾರರನ್ನು ಕೂಡಿಸಿ ಕಟ್ಟುವ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ತಂಡ ಆಸ್ಟ್ರೇಲಿಯಾದಲ್ಲಿ ಮೊದಲ ಟೆಸ್ಟ್ ಆಡಲು ಇಳಿದಾಗ ಅದರ 23 ಮಂದಿಯಲ್ಲಿ ಒಬ್ಬನೂ ವೇಲ್ಸ್‌ನವನಿರಲಿಲ್ಲ. 1896ರ ನಂತರ ಹಾಗಾದದ್ದು ಅದೇ ಮೊದಲು.

ಆಟಗಾರರನ್ನು ಬೈಯಲು ನಾನು ಈ ಪತ್ರ ಬರೆಯುತ್ತಿಲ್ಲ. ಅರ್ಜೆಂಟೀನಾ ವಿರುದ್ಧ ಟ್ರೈ ಗೆರೆ ಮುಟ್ಟುವ ಯತ್ನದಲ್ಲೇ ಭುಜ ಕಳಚಿಕೊಂಡ ಜಾಕ್ ಮಾರ್ಗನ್‌ನಂತಹ ನಾಯಕನನ್ನು ಬೈಯುವ ಬಾಯಿ ನನ್ನದಲ್ಲ. ನನ್ನ ಮಾತು ಅವನ ಭುಜ ಕಳಚಿದ ಮರುಕ್ಷಣ ಬೆಂಚಿನಿಂದ ಎದ್ದು ಬರುವವನ ಬಗ್ಗೆ.

ಈ ಆಟವನ್ನು ಹೊಸದಾಗಿ ನೋಡುವ ಕನ್ನಡಿಗರಿಗೆ ಎರಡು ಮಾತು ಹೇಳಿ ಮುಂದುವರಿಯುತ್ತೇನೆ. ರಗ್ಬಿ ಯೂನಿಯನ್‌ನಲ್ಲಿ ಅಂಗಳದಲ್ಲಿ 15 ಜನ, ಹೊರಗೆ ಬದಲಿಗಳು 8 ಜನ, ಒಟ್ಟು 23. ಆ ಎಂಟರಲ್ಲಿ ಮೂರು ಜಾಗ ಸ್ಕ್ರಮ್‌ನ, ಅಂದರೆ ಎರಡೂ ತಂಡದ ಎಂಟೆಂಟು ಜನ ತಲೆ ತಗ್ಗಿಸಿ ಒಬ್ಬರನ್ನೊಬ್ಬರು ತಳ್ಳಾಡುವ ಕಟ್ಟಿನ, ಮುಂಚೂಣಿಗೆ ಕಾದಿಟ್ಟವು: ಒಬ್ಬ ಹೂಕರ್, ಎಡಬದಿಗೆ ಒಬ್ಬ ಪ್ರಾಪ್, ಬಲಬದಿಗೆ ಒಬ್ಬ ಪ್ರಾಪ್. ಈ ಮೂರು ಸ್ಥಾನಗಳಲ್ಲಿ ತರಬೇತಿ ಇಲ್ಲದವನನ್ನು ನಿಲ್ಲಿಸಿದರೆ ಕತ್ತು ಮುರಿಯುವ ಅಪಾಯವಿದೆ. ಹಾಗಾಗಿಯೇ ನಿಯಮ ಅಷ್ಟು ಬಿಗಿ. ರೆಕ್ಕೆಯ ಆಟಗಾರ ಗಾಯಗೊಂಡರೆ ಫುಲ್‌ಬ್ಯಾಕ್ ಆ ಜಾಗಕ್ಕೆ ಹೋಗಬಹುದು. ಸೆಂಟರ್ ಬಿದ್ದರೆ ಇನ್ನೊಬ್ಬ ಹೇಗೋ ತುಂಬಬಹುದು. ಬಲಬದಿಯ ಪ್ರಾಪ್ ಬಿದ್ದರೆ, ಅವನು ಧರಿಸುವ 3ನೇ ನಂಬರಿನ ಅಂಗಿಯನ್ನು ಇನ್ನೊಬ್ಬ ಬಲಬದಿಯ ಪ್ರಾಪ್ ಬಿಟ್ಟು ಬೇರೆ ಯಾರೂ ಹಾಕಿಕೊಳ್ಳುವಂತಿಲ್ಲ. ಅವನ ಬದಲಿ ಧರಿಸುವುದು 18ನೇ ನಂಬರು.

ನನ್ನ ಮಗ ಬಲಬದಿಯ ಪ್ರಾಪ್. ಟೈಟ್‌ಹೆಡ್ ಎನ್ನುತ್ತಾರೆ. ಹೋದ ಚಳಿಗಾಲದಲ್ಲಿ ಅವನ ಕ್ಲಬ್ಬಿನ ಅಂಗಳದ ಗೆರೆಯಂಚಿನಲ್ಲಿ ನಿಂತಿದ್ದಾಗ ಸ್ಕ್ರಮ್ ಒಂದು ನನ್ನಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ಕಟ್ಟಿತು. ಎಡಬದಿಯ ಪ್ರಾಪ್‌ಗೆ ಒಂದು ಕಿವಿಯಾದರೂ ಹೊರಗಿರುತ್ತದೆ. ಟೈಟ್‌ಹೆಡ್‌ನ ತಲೆ ಎದುರಾಳಿಯ ಹೂಕರ್ ಮತ್ತು ಪ್ರಾಪ್ ಇಬ್ಬರ ನಡುವೆ ಸಿಕ್ಕಿಕೊಂಡು ಪೂರ್ತಿ ಮರೆಯಾಗುತ್ತದೆ. ಎದುರಿನಿಂದ ಇಬ್ಬರ ಭಾರ, ಬೆನ್ನ ಹಿಂದೆ ಸ್ವಂತ ತಂಡದ ಒತ್ತು. ಮಗನ ಬೂಟಿನ ಮೊಳೆಗಳು ಕೆಸರಿನಲ್ಲಿ ಅಂಗುಲ ಅಂಗುಲವಾಗಿ ಹಿಂದಕ್ಕೆ ಜಾರುತ್ತಿದ್ದವು. ಅವನ ಮೀನಖಂಡ ಬಿಗಿದು ನಡುಗುವುದು ನನಗೆ ಕಾಣುತ್ತಿತ್ತು. ಆಗ ಅವನು ಸೊಂಟವನ್ನು ಒಂದು ಗೇಣು ಕೆಳಗಿಳಿಸಿದ, ಅಷ್ಟೇ. ಜಾರುವುದು ನಿಂತಿತು. ಅದನ್ನು ಯಾರು ಕಲಿಸಿದರು ಎಂದು ಆಮೇಲೆ ಕೇಳಿದರೆ, “ಯಾರೂ ಇಲ್ಲ ಅಪ್ಪ, ಹೋದ ವಾರ ಒಬ್ಬ ನನ್ನನ್ನು ಪೂರ್ತಿ ಹಿಂದಕ್ಕೆ ತಳ್ಳಿದ್ದನಲ್ಲ, ಅವನಿಂದ ಗೊತ್ತಾಯಿತು” ಎಂದ.

ಜಿಮ್‌ನಲ್ಲಿ ಎಷ್ಟೇ ಭಾರ ಎತ್ತಿದರೂ ಆ ಒಂದು ಗೇಣು ತಿಳಿಯುವುದಿಲ್ಲ. ಎದುರಾಳಿಯ ಕೈಯಲ್ಲಿ ಒದ್ದಾಡಿಯೇ ತಿಳಿಯಬೇಕು. ಪ್ರಾಪ್‌ಗಳು ಇಪ್ಪತ್ತೇಳು ಇಪ್ಪತ್ತೆಂಟರ ಹೊತ್ತಿಗೆ ಮಾಗುತ್ತಾರೆ ಎಂದು ಈ ಊರಿನ ಹಳಬರು ಹೇಳುವುದು ಅದಕ್ಕೇ.

ನನ್ನ ಅಪ್ಪ ಗದ್ದೆ ಮಾಡುತ್ತಿದ್ದರು. ಒಟ್ಲಿನಿಂದ ಕಿತ್ತ ಪೈರನ್ನು ನಾಟಿ ಮಾಡಿ ಮುಗಿಸಿದ ಮೇಲೆ ಕೆಲವು ಕಟ್ಟು ಉಳಿಯುತ್ತಿತ್ತು. ಅದನ್ನು ಅವರು ಬದುವಿನ ಮೇಲೆ ಎಸೆಯುತ್ತಿರಲಿಲ್ಲ. ಗದ್ದೆಯ ಮೂಲೆಯೊಂದರಲ್ಲಿ, ಅದೇ ಕೆಸರಿನಲ್ಲಿ, ಒತ್ತೊತ್ತಾಗಿ ಊರಿಸುತ್ತಿದ್ದರು. ಹತ್ತು ಹದಿನೈದು ದಿನದ ಮೇಲೆ ಎಲ್ಲೆಲ್ಲಿ ಪೈರು ಸತ್ತಿದೆಯೋ ಅಲ್ಲಿಗೆ ಈ ಮೂಲೆಯಿಂದ ಕಿತ್ತು ತಂದು ತುಂಬುತ್ತಿದ್ದರು. ಕಟ್ಟು ಬಿಚ್ಚದೆ ಬದುವಿನ ಮೇಲೆ ಬಿಟ್ಟ ಪೈರು ಮೂರೇ ದಿನಕ್ಕೆ ಹಳದಿಯಾಗುತ್ತದೆ. ಎಣಿಸಿದರೆ ಕಟ್ಟು ಅಷ್ಟೇ ಇರುತ್ತದೆ. ನೆಟ್ಟರೆ ಹಿಡಿಯುವುದಿಲ್ಲ.

ನಮ್ಮ ಮೀಸಲು ಆಟಗಾರರ ಸ್ಥಿತಿ ನೆನೆದಾಗಲೆಲ್ಲ ನನಗೆ ಆ ಹಳದಿ ಕಟ್ಟು ಕಣ್ಣ ಮುಂದೆ ಬರುತ್ತದೆ. ವೇಲ್ಸ್‌ನ ಪ್ರತಿಯೊಂದು ವೃತ್ತಿಪರ ಪ್ರಾದೇಶಿಕ ತಂಡದ ಪಟ್ಟಿಯಲ್ಲೂ ಹೆಸರುಗಳು ಬೇಕಾದಷ್ಟಿವೆ. ಒಪ್ಪಂದಗಳಿವೆ, ತೂಕ ಎತ್ತರಗಳ ಲೆಕ್ಕವಿದೆ, ತಂಡದ ಅಂಗಿ ತೊಟ್ಟು ತೆಗೆಸಿಕೊಂಡ ಫೋಟೊ ಇದೆ. ಆಟದ ನಿಮಿಷಗಳೆಷ್ಟು? ನಾನು ಎರಡು ವರ್ಷದಿಂದ ಒಂದು ನೋಟ್‌ಬುಕ್ ಇಟ್ಟುಕೊಂಡು, ನೋಡಿದ ಪ್ರತಿಯೊಂದು ಪಂದ್ಯದಲ್ಲಿ 18ನೇ ನಂಬರಿನವನು ಎಷ್ಟು ಹೊತ್ತಿಗೆ ಒಳಗೆ ಬಂದ ಎಂದು ಬರೆಯುತ್ತಿದ್ದೇನೆ. ಒಬ್ಬ ಹುಡುಗನ ಪುಟ ನನ್ನನ್ನು ಬಹಳ ಕಾಡಿದೆ. ಅವನ ಹೆಸರನ್ನಾಗಲಿ ತಂಡದ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಒಂದು ಶುಕ್ರವಾರ ರಾತ್ರಿ, ಸಣ್ಣ ಮಳೆ, ಅವನು ಮೊದಲರ್ಧದಿಂದಲೇ ಗೆರೆಯಂಚಿನಲ್ಲಿ ಓಡುತ್ತಾ ಮೈ ಬಿಸಿ ಮಾಡಿಕೊಳ್ಳುತ್ತಿದ್ದ. ಐವತ್ತೈದನೇ ನಿಮಿಷದಲ್ಲಿ ಮೇಲಿನ ಜಾಕೆಟ್ ತೆಗೆದ. ಯಾರೋ ಕೈಸನ್ನೆ ಮಾಡಿದರು, ಮತ್ತೆ ಹಾಕಿಕೊಂಡ. ಅರವತ್ತೈದಕ್ಕೆ ಮತ್ತೊಮ್ಮೆ ತೆಗೆದ, ಮತ್ತೊಮ್ಮೆ ಹಾಕಿಕೊಂಡ. ಎಪ್ಪತ್ತಮೂರನೇ ನಿಮಿಷಕ್ಕೆ ಅವನನ್ನು ಒಳಗೆ ಬಿಟ್ಟರು. ಆ ಏಳು ನಿಮಿಷದಲ್ಲಿ ಒಂದೂ ಸ್ಕ್ರಮ್ ಬರಲಿಲ್ಲ. ಪಂದ್ಯ ಮುಗಿದಾಗ ಅವನ ಚಡ್ಡಿಗೆ ಕೆಸರೇ ಹತ್ತಿರಲಿಲ್ಲ. ನಾಳೆ ನಿಮ್ಮ ಕಚೇರಿಯ ಪಟ್ಟಿಯಲ್ಲಿ ಅದು “ಒಂದು ಪಂದ್ಯ” ಎಂದು ದಾಖಲಾಗುತ್ತದೆ.

ಆ ತಂಡದ ತರಬೇತುದಾರನನ್ನು ನಾನು ದೂರುವುದಿಲ್ಲ. ಸೋತರೆ ಅವನ ಕೆಲಸ ಹೋಗುತ್ತದೆ. ಹತ್ತಿಪ್ಪತ್ತು ಅಂಕ ಮುಂದಿದ್ದರೂ ಅನುಭವಿಯನ್ನು ಹೊರಗೆ ಕರೆಯಲು ಅವನಿಗೆ ಧೈರ್ಯವಿಲ್ಲ. ಆ ಧೈರ್ಯಕ್ಕೆ ಬೇಕಾದ ಏರ್ಪಾಡು ಮಾಡಬೇಕಾದವರು ನೀವು.

ಮೀಸಲು ಬಲ ಎಲ್ಲಿಂದ ಬರುತ್ತದೆ ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ಉದಾಹರಣೆ 2011ರ ವಿಶ್ವಕಪ್. ನ್ಯೂಜಿಲೆಂಡ್‌ನ 10ನೇ ನಂಬರಿನ, ಆಟವನ್ನು ನಡೆಸುವ ಫ್ಲೈ-ಹಾಫ್ ಡ್ಯಾನ್ ಕಾರ್ಟರ್ ಅಭ್ಯಾಸದ ವೇಳೆ ತೊಡೆಸಂದಿಯ ಗಾಯಕ್ಕೆ ಬಿದ್ದರು. ಅವರ ಜಾಗಕ್ಕೆ ಬಂದ ಕಾಲಿನ್ ಸ್ಲೇಡ್ ಕ್ವಾರ್ಟರ್ ಫೈನಲ್‌ನಲ್ಲಿ ಗಾಯಗೊಂಡರು. ಮೂರನೆಯವರಾದ ಆರನ್ ಕ್ರೂಡೆನ್ ಫೈನಲ್‌ನ ಮೊದಲರ್ಧದಲ್ಲೇ ಮಂಡಿ ತಿರುಚಿಕೊಂಡರು. ನಾಲ್ಕನೆಯವರು ಸ್ಟೀಫನ್ ಡೊನಾಲ್ಡ್. ತಂಡದಿಂದ ಕರೆ ಬರುವಾಗ ಅವರು ವೈಕಾಟೊ ನದಿಯಲ್ಲಿ ಸಣ್ಣ ಮೀನು ಹಿಡಿಯುತ್ತಿದ್ದರು. ಮೈಗೆ ಬಿಗಿಯಾದ ಅಂಗಿ ತೊಟ್ಟು ಬಂದು ಫೈನಲ್‌ನಲ್ಲಿ ಒಂದು ಪೆನಾಲ್ಟಿ ಒದ್ದರು. ನ್ಯೂಜಿಲೆಂಡ್ 8, ಫ್ರಾನ್ಸ್ 7. ಆ ಮೂರು ಅಂಕ ಇಲ್ಲದಿದ್ದರೆ ಕಪ್ ಇಲ್ಲ.

ಎಲ್ಲರೂ ಈ ಕಥೆಯನ್ನು ಅದೃಷ್ಟದ ಕಥೆಯಾಗಿ ಹೇಳುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಆ ವರ್ಷ ಕಾರ್ಟರ್ ಆಡುತ್ತಿದ್ದದ್ದು ಕ್ರುಸೇಡರ್ಸ್‌ಗೆ, ಸ್ಲೇಡ್ ಹೈಲ್ಯಾಂಡರ್ಸ್‌ಗೆ, ಕ್ರೂಡೆನ್ ಹರಿಕೇನ್ಸ್‌ಗೆ, ಡೊನಾಲ್ಡ್ ಚೀಫ್ಸ್‌ಗೆ. ನಾಲ್ವರು, ನಾಲ್ಕು ತಂಡ. ದೇಶದಲ್ಲಿ ಇದ್ದದ್ದು ಎರಡೇ ವೃತ್ತಿಪರ ತಂಡವಾಗಿದ್ದರೆ ಡೊನಾಲ್ಡ್ ಯಾರದೋ ಹಿಂದೆ ಜಾಕೆಟ್ ಹಾಕಿಕೊಂಡು ತೆಗೆಯುತ್ತಾ ಕುಳಿತಿರುತ್ತಿದ್ದರು. ಆ ರಾತ್ರಿ ಈಡನ್ ಪಾರ್ಕ್‌ನಲ್ಲಿ ಅವರ ಕಾಲು ನಡುಗದಿರಲು ಕಾರಣ, ಅದಕ್ಕೂ ಮುಂಚೆ ವರ್ಷಗಟ್ಟಲೆ ಶನಿವಾರ ಶನಿವಾರ ಅವರು ತಮ್ಮ ತಂಡಕ್ಕಾಗಿ ಒದ್ದದ್ದು.

ಇನ್ನು ನಿಮ್ಮ ಅಕ್ಟೋಬರ್ ತೀರ್ಮಾನದ ಮಾತಿಗೆ ಬರುತ್ತೇನೆ. ಕಾರ್ಡಿಫ್, ಸ್ಕಾರ್ಲೆಟ್ಸ್, ಆಸ್ಪ್ರೀಸ್, ಡ್ರ್ಯಾಗನ್ಸ್ ಎಂಬ ನಾಲ್ಕು ಪ್ರಾದೇಶಿಕ ತಂಡಗಳನ್ನು ಮೂರಕ್ಕೆ ಇಳಿಸುವುದೆಂದು ನೀವು ಪ್ರಕಟಿಸಿದ್ದೀರಿ. ಅದಕ್ಕೂ ಮೊದಲು ಆಗಸ್ಟ್‌ನಲ್ಲಿ ಎರಡೇ ಸಾಕು ಎಂಬ ಪ್ರಸ್ತಾವವೂ ನಿಮ್ಮಿಂದಲೇ ಬಂದಿತ್ತು. ಹಣವಿಲ್ಲ ಎಂಬುದು ನಿಜ. ಏಪ್ರಿಲ್‌ನಲ್ಲಿ ಕಾರ್ಡಿಫ್ ತಂಡದ ಸಂಸ್ಥೆ ಮುಳುಗಿ, ನೀವೇ ಅದನ್ನು ಎತ್ತಿಕೊಳ್ಳಬೇಕಾಯಿತು. ಇದನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ.

ಮೂರು ತಂಡ ಗಟ್ಟಿಯಾಗಿದ್ದರೆ ನಾಲ್ಕು ಬಡಕಲು ತಂಡಗಳಿಗಿಂತ ಮೇಲು ಎನ್ನುವವರು 2008ನ್ನು ನೆನಪಿಸುತ್ತಾರೆ. ಆ ವರ್ಷ ಟ್ವಿಕೆನ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಇಳಿದ ಹದಿನೈದರಲ್ಲಿ 13 ಮಂದಿ ಒಂದೇ ಆಸ್ಪ್ರೀಸ್ ತಂಡದವರು. ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅಂದು ಅಲ್ಲಿ ವೇಲ್ಸ್ ಗೆದ್ದಿತು. ಒಬ್ಬರ ಓಟ ಇನ್ನೊಬ್ಬರಿಗೆ ಗೊತ್ತು, ಒಬ್ಬರ ಕೂಗು ಇನ್ನೊಬ್ಬರಿಗೆ ಅರ್ಥವಾಗುತ್ತದೆ. ಈ ವಾದದಲ್ಲಿ ತೂಕವಿದೆ, ಒಪ್ಪುತ್ತೇನೆ. ಹದಿನೈದು ಜನರ ತಂಡ ಒಂದೇ ಮನೆಯಿಂದ ಬರಬಹುದು. ಆ ಹದಿನೈದರ ಹಿಂದೆ ನಿಲ್ಲಬೇಕಾದ ಮೂವತ್ತು ಜನ ಬರುವುದಿಲ್ಲ. ಅವರಿಗೆ ಆ ಮನೆಯಲ್ಲಿ ಜಾಗವೇ ಇರುವುದಿಲ್ಲ.

ಲೆಕ್ಕ ಸರಳ. ನಮ್ಮ ಪ್ರಾದೇಶಿಕ ತಂಡಗಳು ಆಡುವ ಯುನೈಟೆಡ್ ರಗ್ಬಿ ಚಾಂಪಿಯನ್‌ಷಿಪ್‌ನಲ್ಲಿ ಪ್ರತಿ ತಂಡಕ್ಕೆ ಲೀಗ್ ಹಂತದ 18 ಪಂದ್ಯ. ಪಂದ್ಯಕ್ಕೆ 23 ಅಂಗಿ. ಒಂದು ತಂಡ ಮುಚ್ಚಿದರೆ ವರ್ಷಕ್ಕೆ 414 ಅಂಗಿ ಮಾಯ. ಅದರಲ್ಲಿ ಬಲಬದಿಯ ಪ್ರಾಪ್‌ನ ಪಾಲು, 3 ಮತ್ತು 18 ಸೇರಿ, 36. ಯುರೋಪಿನ ಟೂರ್ನಿಯ ಪಂದ್ಯಗಳನ್ನು ನಾನು ಎಣಿಸಿಲ್ಲ. ನಾಲ್ಕು ತಂಡವಿದ್ದಾಗ ಪಂದ್ಯ ಆರಂಭಿಸುವ 3ನೇ ನಂಬರಿನ ಅಂಗಿ ವರ್ಷಕ್ಕೆ 72 ಬಾರಿ ಸಿಗುತ್ತಿತ್ತು, ಮೂರಾದರೆ 54. ಅದರಲ್ಲೂ ಒಂದಿಷ್ಟು ಅಂಗಿ ವೇಲ್ಸ್‌ಗೆ ಆಡಲು ಅರ್ಹತೆಯಿಲ್ಲದ ಹೊರನಾಡಿನವರ ಮೈಮೇಲಿರುತ್ತದೆ. ಉಳಿದದ್ದರಲ್ಲಿ ರಾಷ್ಟ್ರೀಯ ತಂಡದ ಮೊದಲ ಇಬ್ಬರು ತಮ್ಮ ಪಾಲು ಪಡೆದ ಮೇಲೆ ಮೂರನೆಯವನಿಗೆ, ನಾಲ್ಕನೆಯವನಿಗೆ ಎಷ್ಟು? ಈ ಒಂದು ಸಂಖ್ಯೆಯನ್ನು ನಿಮ್ಮ ಯಾವ ಪ್ರಕಟಣೆಯಲ್ಲೂ ನಾನು ಕಂಡಿಲ್ಲ.

ಸ್ಕಾಟ್ಲೆಂಡ್‌ಗೆ ಎರಡೇ ವೃತ್ತಿಪರ ತಂಡ, ಅವರು ನಡೆಸುತ್ತಿಲ್ಲವೇ ಎಂದು ನೀವು ಕೇಳಬಹುದು. ನಡೆಸುತ್ತಿದ್ದಾರೆ. 2024ರಲ್ಲಿ ಗ್ಲಾಸ್ಗೊ ಇದೇ ಲೀಗ್ ಗೆದ್ದಿತು. ಆದರೆ ಸ್ಕಾಟ್ಲೆಂಡ್ ತನ್ನ ಆಟಗಾರ ಇಂಗ್ಲೆಂಡ್‌ನಲ್ಲಿ ಆಡಿದರೂ ಫ್ರಾನ್ಸ್‌ನಲ್ಲಿ ಆಡಿದರೂ ಅವನನ್ನು ಆರಿಸಿಕೊಳ್ಳುತ್ತದೆ. ನಮ್ಮಲ್ಲಿ 2017ರಿಂದ 60 ಪಂದ್ಯದ ನಿಯಮವಿತ್ತು. ಹೊರನಾಡಿನ ಕ್ಲಬ್ ಸೇರಿದವನು ಅಷ್ಟು ಟೆಸ್ಟ್ ಆಡಿರದಿದ್ದರೆ ಆಯ್ಕೆಗೆ ಅರ್ಹನಲ್ಲ. 2023ರ ಫೆಬ್ರವರಿಯಲ್ಲಿ ಆಟಗಾರರು ಇಂಗ್ಲೆಂಡ್ ವಿರುದ್ಧದ ಪಂದ್ಯವನ್ನೇ ಆಡುವುದಿಲ್ಲ ಎಂದು ಕುಳಿತ ಮೇಲೆ ಅದು 25ಕ್ಕೆ ಇಳಿಯಿತು. ಮನೆಯಲ್ಲಿ ಊಟದ ಎಲೆಗಳನ್ನು ಕಡಿಮೆ ಮಾಡುವವರು ಪಕ್ಕದ ಮನೆಯಲ್ಲಿ ಉಂಡು ಬಂದವನನ್ನು ಹೊರಗೆ ನಿಲ್ಲಿಸಬಾರದು. ಅಂಗಿ ಕಡಿತಗೊಳಿಸುವುದಾದರೆ ಈ ನಿಯಮವನ್ನು ಪೂರ್ತಿ ಕೈಬಿಡಿ. ನಿಯಮ ಉಳಿಸಿಕೊಳ್ಳುವುದಾದರೆ ಅಂಗಿ ಉಳಿಸಿ. ಎರಡೂ ಕಡೆಯಿಂದ ಹಗ್ಗ ಬಿಗಿದರೆ ನಡುವೆ ಉಸಿರುಗಟ್ಟುವವನು ಇಪ್ಪತ್ತೊಂದು ವರ್ಷದ ಹುಡುಗ.

ತಂಡ ಮುಚ್ಚಿದ ಅನುಭವ ನಿಮಗೆ ಹೊಸದೇನಲ್ಲ. 2003ರಲ್ಲಿ ಐದು ಪ್ರಾದೇಶಿಕ ತಂಡ ಕಟ್ಟಿದಿರಿ, ಒಂದೇ ವರ್ಷದಲ್ಲಿ ಸೆಲ್ಟಿಕ್ ವಾರಿಯರ್ಸ್ ಮುಚ್ಚಿತು. ಬ್ರಿಜೆಂಡ್, ಪಾಂಟಿಪ್ರೀದ್ ಕಡೆಯ ನನ್ನ ಸಹೋದ್ಯೋಗಿಗಳು ಆ ಮಾತು ಬಂದರೆ ಈಗಲೂ ಚಹಾದ ಲೋಟ ಕೆಳಗಿಟ್ಟು ಮಾತಾಡುತ್ತಾರೆ.

ಇನ್ನು ನವೆಂಬರ್ 29ರ ಪಂದ್ಯವನ್ನೇ ತೆಗೆದುಕೊಳ್ಳಿ. ಅದು ಆಟದ ಜಾಗತಿಕ ಆಡಳಿತ ಸಂಸ್ಥೆಯಾದ ವಿಶ್ವ ರಗ್ಬಿ ಗೊತ್ತುಪಡಿಸಿದ ಅಂತರರಾಷ್ಟ್ರೀಯ ಅವಧಿಯ ಹೊರಗಿತ್ತು. ಆ ಅವಧಿ ಮುಗಿದ ಮೇಲೆ ಇಂಗ್ಲೆಂಡ್ ಮತ್ತು ಫ್ರಾನ್ಸ್ ಕ್ಲಬ್ಬುಗಳು ತಮ್ಮ ಆಟಗಾರರನ್ನು ಬಿಟ್ಟುಕೊಡಬೇಕಿಲ್ಲ. ಹತ್ತಕ್ಕೂ ಹೆಚ್ಚು ಮಂದಿ ನಮಗೆ ಸಿಗಲಿಲ್ಲ. ಜಪಾನ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಪೆನಾಲ್ಟಿ ಒದ್ದು ಒಂದೇ ಅಂಕದಿಂದ ನಮ್ಮನ್ನು ಗೆಲ್ಲಿಸಿದ ಜ್ಯಾರಡ್ ಇವಾನ್ಸ್ ಹಾರ್ಲೆಕ್ವಿನ್ಸ್ ಆಟಗಾರ. ಎರಡು ವಾರದ ನಂತರ ಅವರೂ ಇಲ್ಲ. ದಕ್ಷಿಣ ಆಫ್ರಿಕವೂ ತನ್ನ ಪೂರ್ಣ ತಂಡವನ್ನು ತಂದಿರಲಿಲ್ಲ. ಅವರಿಗೆ ಅದು ತಟ್ಟಲಿಲ್ಲ, ನಮಗೆ ತಟ್ಟಿತು. ಟಿಕೆಟ್ ಹಣಕ್ಕಾಗಿ ಇಂಥ ಪಂದ್ಯ ಏರ್ಪಡಿಸುತ್ತೀರಿ ಎಂಬುದು ಎಲ್ಲರಿಗೂ ಗೊತ್ತು. ಆ ಸಂಜೆ ಸುಮಾರು 74,000 ಜನ ಹಿಡಿಸುವ ಕ್ರೀಡಾಂಗಣದಲ್ಲಿ ಖಾಲಿ ಕುರ್ಚಿಗಳ ಸಾಲುಗಳೇ ಇದ್ದವು. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಮುಡಿಯುವ ಈ ನವೆಂಬರಿನ ನಾಲ್ಕನೇ ಪಂದ್ಯವನ್ನು ದಯವಿಟ್ಟು ಕೈಬಿಡಿ.

ಆಯ್ಕೆಯ ಬಗ್ಗೆಯೂ ಒಂದು ಮಾತು. ಈ ವರ್ಷದ ಜನವರಿ 31ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸ್ ವಿರುದ್ಧ 43-0 ಅಂತರದಿಂದ ಸೋತ ಪಂದ್ಯದಲ್ಲಿ 10ನೇ ನಂಬರು ಧರಿಸಿದ್ದವರು ಬೆನ್ ಥಾಮಸ್. ತಮ್ಮ ಪ್ರಾದೇಶಿಕ ತಂಡದಲ್ಲಿ ಅವರು ಹೆಚ್ಚಾಗಿ ಸೆಂಟರ್ ಆಡುವವರು. ಒಳ್ಳೆಯ ಆಟಗಾರ, ಎದೆಗುಂದದೆ ಆಡಿದರು. ಅನುಭವಿ ಗ್ಯಾರೆತ್ ಆನ್ಸ್‌ಕೋಂಬ್ ಆಗ ತಂಡದಲ್ಲೇ ಇರಲಿಲ್ಲ. ಮೂರು ವಾರದಲ್ಲಿ ತರಬೇತುದಾರರು ಬದಲಾದರು, ಆನ್ಸ್‌ಕೋಂಬ್ ಐರ್ಲೆಂಡ್ ವಿರುದ್ಧ ಇಳಿದರು. ಹೀಗೆ ಒಬ್ಬರನ್ನು ಅವರದಲ್ಲದ ಜಾಗದಲ್ಲಿ ನಿಲ್ಲಿಸಿ, ಸೋತ ಮೇಲೆ ಬದಲಿಸಿ, ಮತ್ತೊಬ್ಬರನ್ನು ಕರೆಸಿ ನಡೆಸುವುದು ಬಾಯಾರಿದಾಗ ಬಾವಿ ತೋಡುವ ಕೆಲಸ. ಬಾವಿ ತೋಡುವ ಕಾಲ ಪ್ರಾದೇಶಿಕ ಪಂದ್ಯಗಳ ಅಕ್ಟೋಬರ್ ಮತ್ತು ಡಿಸೆಂಬರ್. ಜನವರಿಯ ಪ್ಯಾರಿಸ್ ಅಲ್ಲ.

ಐರ್ಲೆಂಡ್ ಈ ಪಾಠವನ್ನು ನಮ್ಮ ಅಂಗಳದಲ್ಲೇ ಕಲಿಯಿತು. 2015ರ ವಿಶ್ವಕಪ್ ಕ್ವಾರ್ಟರ್ ಫೈನಲ್, ಕಾರ್ಡಿಫ್. ಅವರ ಪ್ರಮುಖ ಆಟಗಾರರಾದ ಸೆಕ್ಸ್‌ಟನ್, ಓಕಾನೆಲ್, ಓಮಾಹೊನಿ ಗಾಯಗೊಂಡಿದ್ದರು, ಓಬ್ರಿಯನ್ ನಿಷೇಧದಲ್ಲಿದ್ದರು. ಅರ್ಜೆಂಟೀನಾ 43, ಐರ್ಲೆಂಡ್ 20. ಅಂದು ಕುಸಿದ ಅದೇ ಐರ್ಲೆಂಡ್, ಈ ಜುಲೈನಲ್ಲಿ ತನ್ನ ಹನ್ನೆರಡಕ್ಕೂ ಹೆಚ್ಚು ಆಟಗಾರರನ್ನು ಲಯನ್ಸ್‌ಗೆ ಕಳುಹಿಸಿ, ಮುಖ್ಯ ತರಬೇತುದಾರನನ್ನೂ ಅವರ ಜೊತೆ ಬಿಟ್ಟುಕೊಟ್ಟು, ಉಳಿದವರನ್ನು ಕರೆದುಕೊಂಡು ಹೋಗಿ ಜಾರ್ಜಿಯಾವನ್ನು 34-5, ಪೋರ್ಚುಗಲ್ಲನ್ನು 106-7ರಿಂದ ಸೋಲಿಸಿತು. ಅದೇ ಜುಲೈನಲ್ಲಿ ಲಯನ್ಸ್‌ಗೆ ಇಬ್ಬರನ್ನೇ ಕೊಟ್ಟ ನಾವು ಜಪಾನ್ ಎದುರು ಮೊದಲ ಟೆಸ್ಟ್ ಸೋತೆವು. ಐರ್ಲೆಂಡ್‌ನಲ್ಲಿ ಜನ ಹೆಚ್ಚು, ಹಣ ಹೆಚ್ಚು, ಒಪ್ಪುತ್ತೇನೆ. ಆದರೆ ಅಲ್ಲಿ ಯಾವ ಆಟಗಾರ ಯಾವ ವಾರ ಎಷ್ಟು ಆಡಬೇಕು, ಯಾವಾಗ ಬಿಡುವು ಪಡೆದು ಕಿರಿಯನಿಗೆ ಜಾಗ ಕೊಡಬೇಕು ಎಂಬುದನ್ನು ಒಕ್ಕೂಟ ಮತ್ತು ಪ್ರಾಂತೀಯ ತಂಡ ಕೂಡಿ ಕುಳಿತು ತೀರ್ಮಾನಿಸುತ್ತಾರೆ. ಕೂಡಿ ಕೂರುವುದಕ್ಕೆ ಹೆಚ್ಚು ಹಣ ಬೇಕಿಲ್ಲ.

ಕರ್ನಾಟಕದಲ್ಲಿ ಬೆಳೆದ ನನ್ನಂಥವನಿಗೆ ಇದು ಹೊಸ ವಿಷಯವಲ್ಲ. ತೊಂಬತ್ತರ ದಶಕದಲ್ಲಿ ದ್ರಾವಿಡ್, ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್ ಭಾರತ ತಂಡದ ಕೆಲಸದಲ್ಲಿ ಮುಳುಗಿದ್ದ ಕಾಲದಲ್ಲೂ ಕರ್ನಾಟಕ 1995-96, 1997-98, 1998-99ರಲ್ಲಿ ರಣಜಿ ಟ್ರೋಫಿ ಗೆದ್ದಿತು. ಹಿರಿಯರು ಖಾಲಿ ಮಾಡಿದ ಜಾಗದಲ್ಲಿ ಇನ್ನೊಬ್ಬ ಋತುವಿಡೀ ಆಡುತ್ತಿದ್ದ. ಬೆಂಗಳೂರಿನ ಲೀಗ್ ಪಂದ್ಯಗಳು ಅವನನ್ನು ಅದಕ್ಕೂ ಮೊದಲೇ ಮಾಗಿಸಿದ್ದವು.

ನಮ್ಮಲ್ಲೂ ಅಂಥ ಒಂದು ಮೆಟ್ಟಿಲಿದೆ. 2024ರಲ್ಲಿ ನೀವೇ ಪ್ರಾದೇಶಿಕ ತಂಡಗಳ ಕೆಳಗಿನ ಮಟ್ಟದಲ್ಲಿ ಹತ್ತು ಕ್ಲಬ್ಬುಗಳ ಸೂಪರ್ ರಗ್ಬಿ ಕಮ್ರಿ ಲೀಗ್ ಆರಂಭಿಸಿದಿರಿ. ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಅಲ್ಲಿನ ಶನಿವಾರದ ಪಂದ್ಯಗಳಿಗೆ ಹೋಗುತ್ತೇನೆ, ಚಿಪ್ಸ್ ವಾಸನೆಯ ನಡುವೆ ಬೇಲಿಗೆ ಒರಗಿ ನಿಂತು ನೋಡುತ್ತೇನೆ. ಶುಕ್ರವಾರ ಜಾಕೆಟ್ ಹಾಕಿ ತೆಗೆದ ಆ ಹುಡುಗ ಮರುದಿನ ಅಲ್ಲಿ ಎಂಬತ್ತು ನಿಮಿಷ ಆಡುತ್ತಿದ್ದರೆ ನನಗೆ ಈ ಪತ್ರ ಬರೆಯುವ ಅಗತ್ಯವಿರುತ್ತಿರಲಿಲ್ಲ. ಏಳು ನಿಮಿಷ ಆಡಿದ್ದಾನೆ, ದೇಹಕ್ಕೆ ವಿಶ್ರಾಂತಿ ಬೇಕು ಎಂದು ಅವನನ್ನು ಮನೆಯಲ್ಲಿ ಕೂರಿಸುತ್ತಾರೆ. ವಾರ ಕಳೆಯುತ್ತದೆ. ಮತ್ತೆ ಶುಕ್ರವಾರ, ಮತ್ತೆ ಜಾಕೆಟ್.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ವೇಲ್ಸ್‌ಗೆ ಆಡಲು ಅರ್ಹನಾದ ಪ್ರತಿಯೊಬ್ಬ ವೃತ್ತಿಪರ ಆಟಗಾರ ಯಾವ ಸ್ಥಾನದಲ್ಲಿ ಎಷ್ಟು ನಿಮಿಷ ಆಡಿದ ಎಂಬುದನ್ನು ತಿಂಗಳಿಗೊಮ್ಮೆ ಸಾರ್ವಜನಿಕವಾಗಿ ಪ್ರಕಟಿಸಿ. ಆ ಲೆಕ್ಕ ನಿಮ್ಮಲ್ಲಿ ಈಗಾಗಲೇ ಇರುತ್ತದೆ. ಪ್ರಾದೇಶಿಕ ತಂಡಕ್ಕೆ ಹಣ ಕೊಡುವಾಗ, ಇಪ್ಪತ್ತಮೂರು ವರ್ಷದೊಳಗಿನ ಮುಂಚೂಣಿಯವರಿಗೆ ಋತುವಿನಲ್ಲಿ ಕನಿಷ್ಠ ಇಷ್ಟು ಪಂದ್ಯ ಆರಂಭಿಸಲು ಅವಕಾಶ ಕೊಡಬೇಕು ಎಂಬ ಷರತ್ತು ಹಾಕಿ. ಆ ಕಾರಣಕ್ಕೆ ಪಂದ್ಯ ಸೋತರೆ ತರಬೇತುದಾರನ ಬೆನ್ನಿಗೆ ನಿಲ್ಲಿ. ಬೆಂಚಿನಲ್ಲಿ ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಆಡಿದವನು ಅದೇ ವಾರಾಂತ್ಯ ಸೂಪರ್ ರಗ್ಬಿ ಕಮ್ರಿಯಲ್ಲಿ ಇಳಿಯಲು ದಾರಿ ಮಾಡಿಕೊಡಿ. ಅಷ್ಟರ ಮೇಲೂ ಜಾಗ ಸಿಗದವನು ಇಂಗ್ಲೆಂಡ್‌ನ ಎರಡನೇ ದರ್ಜೆಯ ಕ್ಲಬ್ಬಿಗೆ ಒಂದು ವರ್ಷದ ಮಟ್ಟಿಗೆ ಹೋಗಿ ಬರಲಿ, ಹೋದದ್ದಕ್ಕೆ ಅವನಿಗೆ ಶಿಕ್ಷೆಯಾಗದಿರಲಿ.

ಹೊಸ ತರಬೇತುದಾರ ಸ್ಟೀವ್ ಟ್ಯಾಂಡಿಯವರಿಗೂ ಒಂದು ಮಾತು. ನ್ಯೂಜಿಲೆಂಡ್ ವಿರುದ್ಧ ಟಾಮ್ ರಾಜರ್ಸ್ ಮೂರು ಟ್ರೈ ಹೊಡೆದ ದಿನ ನಾವು ಸೋತರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಈ ಜನಕ್ಕೆ ತಾಳ್ಮೆ ಇದೆ. ಎರಡು ವರ್ಷ ಸೋತರೂ ಸರಿ, ಒಬ್ಬ ಹುಡುಗನನ್ನು ಆರಿಸಿದರೆ ಅವನಿಗೆ ಸಾಲಾಗಿ ಐದಾರು ಪಂದ್ಯ ಕೊಡಿ. ಒಂದು ಕೆಟ್ಟ ಮಧ್ಯಾಹ್ನಕ್ಕೆ ಅವನನ್ನು ಕಿತ್ತು ಬದುವಿನ ಮೇಲೆ ಎಸೆಯಬೇಡಿ.

ಸೇತುವೆಯ ಮೇಲೆ ಮಗ ಕೇಳಿದ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಅವನ ಸ್ಕಾರ್ಫ್ ಈಗಲೂ ಅದೇ ಕೋಟಿನ ಜೇಬಿನಲ್ಲಿದೆ. ಬರುವ ಶನಿವಾರ ಅವನಿಗೆ ಪಂದ್ಯವಿದೆ. ಬಲಬದಿಯ ಇನ್ನೊಬ್ಬ ಹುಡುಗನ ಮಣಿಕಟ್ಟು ಮುರಿದಿರುವುದರಿಂದ ಎಂಬತ್ತು ನಿಮಿಷವೂ ಇವನೇ ಆಡಬೇಕಾಗುತ್ತದೆ. ನೀವು ಉತ್ತರ ಬರೆಯುವುದಾದರೆ ಇಂಗ್ಲಿಷಿನಲ್ಲಿ ಬರೆದರೂ ಸರಿ, ವೆಲ್ಷ್ ಭಾಷೆಯಲ್ಲಿ ಬರೆದರೂ ಸರಿ, ಅದನ್ನು ಅವನು ನನಗೆ ಓದಿ ಹೇಳುತ್ತಾನೆ. ಉದ್ದದ ಉತ್ತರ ಬೇಡ. ತಂಡಗಳು ಮೂರಾದ ಮೇಲೆ ಬರುವ ಮೊದಲ ಫೆಬ್ರವರಿಯಲ್ಲಿ ವೇಲ್ಸ್‌ನ ನಾಲ್ಕನೇ ಟೈಟ್‌ಹೆಡ್ ಯಾವ ಊರಿನ ಅಂಗಳದಲ್ಲಿ, ಯಾವ ವಾರ, ಎಷ್ಟು ನಿಮಿಷ ಆಡುತ್ತಿರುತ್ತಾನೆ ಎಂಬ ಒಂದು ಸಾಲು ಬರೆದರೆ ಸಾಕು.

ಗೌರವದೊಂದಿಗೆ,

ಕಾರ್ಡಿಫ್‌ನಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ, ಒಬ್ಬ ಪ್ರಾಪ್‌ನ ತಂದೆ